ಗುರುತಿಗಿರಲಿ

ತಿರುಪುಮೊಳೆ ಹತ್ತು ಬಿಚ್ಚಿದೆ. ಹನ್ನೊಂದನೆಯದರ ಜಾಗ
ಖಾಲಿ, ಎಂದೋ ಬಿದ್ದುಹೋದ ಹಲ್ಲಿನ ಹಾಗೆ.
ಬೆನ್ನಿನ ತಗಡು ಎತ್ತಿದರೆ
ಸೂರ್ಯಕಾಂತಿ ಬೀಜದ ಸಿಪ್ಪೆ, ಬೆಕ್ಕಿನ ಬಿಳಿ ಕೂದಲು,
ಫ್ಯಾನಿನ ಸುತ್ತ ಬೂದು ಧೂಳಿನ ಕಂಬಳಿ.
ಊದಿದೆ. ಕೆಮ್ಮಿದೆ.
ಎದುರಿನ ಸ್ಟೂಲಿನ ಮೇಲೆ, ತೊಡೆಯ ಮೇಲೆ ಕೈಚೀಲ,
ಮಾಕ್ವಾಲಾ ಕೂತಿದ್ದಾರೆ
ಮೀನಿನವನ ತಕ್ಕಡಿಯ ಮುಳ್ಳು ನೋಡುವವರ ಹಾಗೆ.

ಬಟೂಮಿ ಬಂದರಿನ ಸುಂಕದ ಕಚೇರಿಯಲ್ಲಿ
ಮೂವತ್ತು ವರ್ಷ ಲೆಕ್ಕ ಬರೆದವರು.
ಈಗ ಕಣ್ಣು ಮಂಜು; ದಪ್ಪಕ್ಷರವೂ ಇರುವೆ ಸಾಲು.
ರೊಟ್ಟಿ ಒಲೆಯ ಜುಂಬೇರನ ಮಗಳು ತಾಮ್ತಾ
ನರ್ಸಿಂಗ್ ಓದಲು ಕುತಾಯಿಸಿಗೆ ಹೊರಟಿದ್ದಾಳೆ, ಅವಳಿಗೆ ಇದು.
"ತೊಳೆದು ಕೊಡಬೇಕು," ಅಂದರು.
"ಆದರೆ ಪಾತ್ರೆ ಬರಿದಾಗಿ ಕೊಡಬಾರದು ಅನ್ನೋಳು ನಮ್ಮಮ್ಮ.
ಒಂದು ಆಟ ಹಾಕಿಡು, ಇಸ್ಪೀಟಿನದು."

ಫೋಟೋಗಳು ಪೆನ್‌ಡ್ರೈವಿಗೆ, ಪೆನ್‌ಡ್ರೈವ್ ಕೈಚೀಲಕ್ಕೆ.
ಪಿಂಚಣಿ ಅರ್ಜಿ, ಪ್ಲಮ್ ಹಣ್ಣಿನ ಗೊಜ್ಜಿನ ವಿಧಾನ,
ಬಾಡಿಗೆದಾರನಿಗೆ ಬರೆದು ಕಳಿಸದೇ ಉಳಿದ ಬೈಗುಳದ ಕಾಗದ.
ಇದನ್ನು ಓದಿಸಿಕೊಂಡು ನಕ್ಕರು:
"ಇನ್ನೂ ಸ್ವಲ್ಪ ಖಾರ ಬೇಕಿತ್ತು."

ಆಮೇಲೆ ವೈಫೈ ಪಟ್ಟಿ.
ಒಂದು ಸಲವಾದರೂ ಗಾಳಿಯಲ್ಲಿ ಕೈಹಿಡಿದ ಹೆಸರುಗಳನ್ನೆಲ್ಲ
ಯಂತ್ರ ಬಿಡದೆ ಬರೆದಿಟ್ಟುಕೊಂಡಿರುತ್ತದೆ.
ಹೆಸರಿನ ಪಕ್ಕ ಒಂದೊಂದು ಗುಂಡಿ: ಮರೆತುಬಿಡು.
ಕೊನೆಗೆ ಎಲ್ಲ ಒಟ್ಟಿಗೆ ಒರೆಸುವುದು ಇದ್ದೇ ಇದೆ,
ಒತ್ತುವ ಅಗತ್ಯವಿರಲಿಲ್ಲ. ಅವರೇ,
"ಒಂದೊಂದೇ ಓದು" ಅಂದರು.

ಸುಂಕದ ಕಚೇರಿ, ಎರಡನೇ ಮಹಡಿ. "ಮರೆ."
ಕಣ್ಣಾಸ್ಪತ್ರೆ, ಅತಿಥಿಗಳಿಗೆ. "ಮರೆ."
ಪಕ್ಕದ ಮನೆಯ ಗೋಚಾ. "ಅವನಿಗೆ ಗೊತ್ತೇ ಇರಲಿಲ್ಲ. ಬೇಗ ಮರೆ."
ಸಾರ್ಪಿ ಗಡಿಯ ಚಹಾದಂಗಡಿ. ಬರೀ ತಲೆಯಾಡಿಸಿದರು.
ರೀಜೆ ಬಸ್ ನಿಲ್ದಾಣ.
ಟ್ರಾಬ್ಜಾನ್, ಕಾಯಾ ಮನೆ.

ಊರ ಬಿಟ್ಟು ಕದಲಿದವರಲ್ಲ ಎಂದೇ
ಇಡೀ ಓಣಿ ನಂಬಿಕೊಂಡಿದ್ದ ಹೆಂಗಸು.
ನನ್ನ ಬೆರಳು ಗುಂಡಿಯ ಮೇಲೇ ನಿಂತಿತು.
"ಅಲ್ಲಿ ಪಾಸ್‌ವರ್ಡ್ ಕಾಣುತ್ತಾ?"
ಕಾಣುತ್ತೆ. ಚುಕ್ಕೆಗಳ ಪರದೆ ಸರಿಸಿ ಓದಿದೆ: ಮಾಹ್ವಾಲಾ.
"ಯಾರೋ ನಿಮ್ಮ ಹೆಸರನ್ನು ತಪ್ಪು ಬರೆದಿದ್ದಾರೆ."
"ಅವರ ನಾಲಿಗೆಗೆ ಅಷ್ಟೇ ಸಿಕ್ಕಿದ್ದು.
ಹನ್ನೆರಡು ಅಕ್ಟೋಬರ್ ತಿದ್ದಿದೆ.
ಹದಿಮೂರನೆಯದಕ್ಕೆ ತಿದ್ದಿಸಿಕೊಳ್ಳೋರೇ ಇರಲಿಲ್ಲ."

ಗೋಡೆಯಾಚೆ ಕೀಲಿಕೈ ಕೆತ್ತುವ ಯಂತ್ರ ಕಿರುಚಿ ನಿಂತಿತು.
ಮರೆ ಅನ್ನಲಿಲ್ಲ. ಬೇಡವೆಂದೂ ಅನ್ನಲಿಲ್ಲ.
ಕನ್ನಡಕ ತೆಗೆದು ಸ್ಕಾರ್ಫಿನ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡು,
"ಅದೇ, ಒಟ್ಟಿಗೆ ಒರೆಸುತ್ತೀಯಲ್ಲ, ಅದನ್ನೇ ಮಾಡು."

ಶೇಕಡಾ ಮೂರು. ಶೇಕಡಾ ಹನ್ನೊಂದು.
ಐವತ್ತೆಂಟರಲ್ಲಿ ಬಹಳ ಹೊತ್ತು ನಿಂತಿತು.
ಅಷ್ಟರಲ್ಲಿ ಕೀಲಿಗಳ ಮೇಲಿನ ಹಳೆಯ ಅಕ್ಷರಚೀಟಿ ಕೆರೆದು
ಹೊಸವು ಅಂಟಿಸಿದೆ, ನಮ್ಮ ಲಿಪಿಯವು,
ದುಂಡು ದುಂಡು, ದ್ರಾಕ್ಷಿ ಬಳ್ಳಿಯ ಕುಡಿಯಂಥವು.
'ಅ' ಒಂದಕ್ಕೆ ಪ್ಲಾಸ್ಟಿಕ್ಕೇ ಸವೆದು ಗುಳಿಬಿದ್ದಿತ್ತು,
ಚೀಟಿ ಕೂರಲಿಲ್ಲ. ಹಾಗೇ ಬಿಟ್ಟೆ.

ತಾಮ್ತಾ ಬಂದಳು, ಮೊಣಕೈಗೆಲ್ಲ ಹಿಟ್ಟು,
ಕಂಕುಳಲ್ಲಿ ಕಾಗದ ಸುತ್ತಿದ ಬಿಸಿ ರೊಟ್ಟಿ.
ಯಾರನ್ನೂ ಕಂಡೇ ಇಲ್ಲದ ಮುಖದಲ್ಲಿ ಪರದೆ ಕೇಳಿತು:
ನಿಮ್ಮ ಹೆಸರು?
ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಬರೆದಳು.
ಬ್ಯಾಟರಿ ನಲವತ್ತು ನಿಮಿಷ,
ಅದಕ್ಕಿಂತ ಹೆಚ್ಚು ನಂಬಬೇಡ ಅಂದೆ.

ಚಾರ್ಜರ್ ಸುತ್ತುವಾಗ ಕಣ್ಣಿಗೆ ಬಿತ್ತು:
ತುದಿಗೆ ಮೂರು ಸುತ್ತು ಕೆಂಪು ದಾರ, ಎಣ್ಣೆಗಪ್ಪು ಗಂಟು.
ಒಂದೇ ಮೇಜಿನ ಮೇಲೆ ಒಂದೇ ಥರದವು ಎರಡಿದ್ದರೆ
ಅದಲುಬದಲಾಗದಿರಲೆಂದು ಕಟ್ಟುತ್ತಾರಲ್ಲ, ಅಂಥದ್ದು.
ಕತ್ತರಿಗೆ ಕೈ ಹಾಕಿದೆ.

"ಬಿಡು," ಅಂದರು ಮಾಕ್ವಾಲಾ, ಕತ್ತರಿಯ ಸದ್ದಿಗೆ
ಬಾಗಿಲಲ್ಲೇ ನಿಂತು.
"ಹಾಸ್ಟೆಲ್ಲಿನಲ್ಲಿ ಎಲ್ಲರದೂ ಒಂದೇ ಥರ ಇರುತ್ತೆ.
ಗುರುತಿಗಿರಲಿ."